ಸಡಾದ ಅಡುಗೆಮನೆಗೊಂದು ಬೆಳಕಿಂಡಿ

ಬಾಡಿಗೆಯವರು ಫೋನ್ ಮಾಡಿ ಅಡುಗೆಮನೆ ಸೋರುತ್ತಿದೆ ಎಂದರು. ಎಲ್ಲಿ ಎಂದು ನಾನು ಕೇಳಲಿಲ್ಲ. ಆ ಮನೆ ಎಲ್ಲಿ ಸೋರುತ್ತದೆ, ಯಾಕೆ ಸೋರುತ್ತದೆ ಎಂಬುದು ನನಗೆ ಹನ್ನೆರಡು ತಿಂಗಳೂ ಗೊತ್ತು. ಭಾನುವಾರ ಬರುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ನಾವು ಈಗ ಗೋವಾದ ಕೊರ್ಲಿಮ್‌ನಲ್ಲಿದ್ದೇವೆ, ನಾನು ಕೆಲಸ ಮಾಡುವ ಕಾರ್ಖಾನೆಗೆ ನಡೆದು ಹೋಗುವಷ್ಟು ಹತ್ತಿರ. ಆ ಮನೆ ಇರುವುದು ವಾಸ್ಕೋ ಬಂದರಿನ ಮೇಲಿನ ಸಡಾದಲ್ಲಿ, ನಮ್ಮ ಮಾವನವರು ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಕಾಲದಲ್ಲಿ ಕಟ್ಟಿಕೊಂಡದ್ದು. ಗುಡ್ಡದ ಮೇಲೆ ಒಂದರ ಬೆನ್ನಿಗೊಂದು ಅಂಟಿಕೊಂಡ ಮನೆಗಳಲ್ಲಿ ಅದೂ ಒಂದು. ಮುಂದಿನ ಕೋಣೆಗೆ ಒಂದು ಕಿಟಕಿ ಇದೆ. ಹಿಂದಿನ ಅಡುಗೆಮನೆಗೆ ಅದೂ ಇಲ್ಲ, ಏಕೆಂದರೆ ಮೂರು ಕಡೆಗೂ ಬೇರೆಯವರ ಗೋಡೆಗಳು. ಮೇಲೆ ಇಳಿಜಾರಾಗಿ ಹೊದಿಸಿದ ಸಿಮೆಂಟ್ ಶೀಟು.

ಭಾನುವಾರ ಹೋದಾಗ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಒಳಗೆ ಕಾಲಿಡುತ್ತಲೇ ಹಸಿ ಸಿಮೆಂಟು, ಡಾಂಬರು, ಹೊಗೆ ಮೂರೂ ಕೂಡಿದ ವಾಸನೆ ಬಂತು. ಬಾಡಿಗೆಗಿರುವ ಹೆಂಗಸು ಬಾಗಲಕೋಟೆ ಕಡೆಯವಳು, ಬಾಯಿ ಜೋರು. ನೆಲದ ಮೇಲೆ ಕೊಡ ಇಟ್ಟಿದ್ದಳು. ಮೇಲೆ ಕೈ ತೋರಿಸಿ, "ಅಕ್ಕಾರ, ಇದನ್ನ ಕಟ್ಟಿದ ಗೌಂಡಿಗೆ ತಲಿಯೊಳಗ ಏನೂ ಇರಲಿಲ್ಲೇನ್ರಿ?" ಎಂದು ಕೇಳಿದಳು.

"ಗೌಂಡಿ ಅಲ್ರಿ, ನಾನ ಕಟ್ಟೇನಿ" ಎಂದೆ.

ಆಕೆ ನಾಲಿಗೆ ಕಚ್ಚಿಕೊಂಡು ಚಹಾ ಮಾಡಲು ಎದ್ದಳು. ನಾನು ಕೊಡದ ಪಕ್ಕದಲ್ಲಿ ನಿಂತು ತಲೆ ಎತ್ತಿ ನೋಡಿದೆ. ನನ್ನ ಕೈಕೆಲಸ ಇನ್ನೂ ಹಾಗೆಯೇ ಇತ್ತು, ವಕ್ರವಾಗಿ.

ನಮ್ಮ ಭಾಗ್ಯಾ ಈಗ ಏಳನೇ ತರಗತಿ. ನಾನು ಹೇಳುತ್ತಿರುವ ವರ್ಷ ಅವಳಿಗೆ ಎರಡೂವರೆ. ನಮ್ಮ ಮನೆಯವರು ಲಾರಿ ಓಡಿಸುತ್ತಾರೆ. ಬಂದರಿನಿಂದ ಮಾಲು ತುಂಬಿಕೊಂಡು ಮೊಲೆಂ ದಾಟಿ ಘಟ್ಟ ಹತ್ತಿದರೆಂದರೆ ನಾಲ್ಕೈದು ದಿನ ಮನೆಯ ಕಡೆ ಮುಖವಿಲ್ಲ. ನಾನು ಕೊರ್ಲಿಮ್‌ನಲ್ಲಿ ಮಾತ್ರೆಗಳ ಪ್ಯಾಕಿಂಗ್ ವಿಭಾಗದಲ್ಲಿ ಕಾಂಟ್ರಾಕ್ಟ್ ಮೇಲಿದ್ದೆ. ಮುಂಜಾನೆ ಕಂಪನಿ ಬಸ್ಸು ಹತ್ತಿದರೆ ಇಳಿಯುವುದು ಸಂಜೆಗೆ. ಅಷ್ಟು ಹೊತ್ತು ಭಾಗ್ಯಾ ನಮ್ಮ ಅತ್ತೆಯ ಹತ್ತಿರ ಇರುತ್ತಿದ್ದಳು.

ಅತ್ತೆಯನ್ನು ಸಡಾದಲ್ಲಿ ಎಲ್ಲರೂ ರೊಟ್ಟಿ ಗಂಗವ್ವ ಎನ್ನುತ್ತಿದ್ದರು. ವಿಜಯಪುರದ ಕಡೆಯಿಂದ ಒಬ್ಬಂಟಿಯಾಗಿ ಬಂದು ಬಂದರಿನಲ್ಲಿ ದುಡಿಯುವ ಗಂಡಸರಿಗೆ ಅವರು ದಿನಾ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವರಲ್ಲೊಬ್ಬ ಬಂದು, "ಆಯಿ, ಯಾಕೋ ಈ ವಾರ ರೊಟ್ಟಿ ಒಂದು ಮಗ್ಗಲ ಕರಕ, ಒಂದು ಮಗ್ಗಲ ಹಸಿ" ಎಂದು ನಗುತ್ತಲೇ ಹೇಳಿ ಹೋದನಂತೆ. ಅತ್ತೆ ನಗಲಿಲ್ಲ. ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ ಹೇಳಿಯೇಬಿಟ್ಟರು:

"ಈ ಅಡಗಿಮನ್ಯಾಗ ಬರೇ ಕತ್ತಲಿ. ಇನ್ನ ನನಗ ನೀಗಂಗಿಲ್ಲ ಲೀಲಾ. ಮಿರಗ ಕೂಡೂದ್ರಾಗ ನಾ ಊರಿಗೆ ಹೋಗಿಬಿಡ್ತೇನಿ."

ಮಿರಗವೆಂದರೆ ಮೃಗಶಿರ ಮಳೆ. ಜೂನ್ ಮೊದಲ ವಾರ. ಊರಲ್ಲಿ ನನ್ನ ಮೈದುನನ ಸಂಸಾರವಿದೆ, ಅತ್ತೆಗೆ ಅಲ್ಲಿ ಅನ್ನಕ್ಕೆ, ಆದರಕ್ಕೆ ಕೊರತೆಯಿಲ್ಲ. ಕೊರತೆಯಾಗುವುದು ನನಗೆ. ಅತ್ತೆ ಹೋದರೆ ಭಾಗ್ಯಾಳನ್ನು ನೋಡುವವರಿಲ್ಲ. ನಾನು ಕೆಲಸ ಬಿಡಬೇಕು. ಆ ವರ್ಷ ಒಂದು ದಿನವೂ ತಪ್ಪಿಸದೆ ಬಂದವರ ಹೆಸರನ್ನು ಕಾಯಂ ಪಟ್ಟಿಗೆ ಸೇರಿಸುತ್ತೇವೆ ಎಂದು ನಮ್ಮ ಸೂಪರ್‌ವೈಸರ್ ಬಾಯಿಬಿಟ್ಟು ಹೇಳಿದ್ದರು. ಜನವರಿಯಿಂದ ನನ್ನದು ಒಂದೂ ರಜೆ ಆಗಿರಲಿಲ್ಲ.

ಅತ್ತೆಯ ಮೇಲಿನ ಪ್ರೀತಿಯಿಂದ ನಾನು ಅಡುಗೆಮನೆ ರಿಪೇರಿಗೆ ಇಳಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಹಾಗಿರಲಿಲ್ಲ. ಅಡುಗೆಮನೆ ಬೆಳಗಿದರೆ ಅತ್ತೆ ಉಳಿಯುತ್ತಾರೆ, ಅತ್ತೆ ಉಳಿದರೆ ಕೆಲಸ ಉಳಿಯುತ್ತದೆ. ನನ್ನ ತಲೆಯಲ್ಲಿದ್ದದ್ದು ಇಷ್ಟೇ.

ಗೌಂಡಿಯನ್ನು ಕರೆಸಬಹುದಿತ್ತಲ್ಲ ಎಂದು ಕೇಳುವಿರಿ. ಸಡಾದಲ್ಲಿ ಮನೆಗೊಬ್ಬ ಗೌಂಡಿ ಇದ್ದಾನೆ. ಅವರೆಲ್ಲ ವಾರವಿಡೀ ಊರ ತುಂಬ ಬೇರೆಯವರ ಬಂಗಲೆ ಕಟ್ಟುತ್ತಾರೆ. ನಮ್ಮ ಒಂದು ಹಿಡಿಯಷ್ಟು ಅಡುಗೆಮನೆಗೆ ಬರುತ್ತೇನೆ ಎನ್ನುತ್ತಾರೆ, ಬರುವುದಿಲ್ಲ. ಕೇಳಿ ಕೇಳಿ ಸಾಕಾಗಿ ನಾನು ಮೊಬೈಲ್ ತೆಗೆದೆ. ಅದರಲ್ಲಿ ಬಿಳಿ ಅಂಗಿ ತೊಟ್ಟ ಹೆಣ್ಣುಮಕ್ಕಳು ಅಂಗಿಗೆ ಒಂದು ಹನಿಯೂ ಸಿಡಿಸಿಕೊಳ್ಳದೆ ಹತ್ತು ನಿಮಿಷದಲ್ಲಿ ಇಡೀ ಅಡುಗೆಮನೆ ಬದಲಾಯಿಸಿಬಿಡುತ್ತಿದ್ದರು. ಅವರಿಗೆ ಆಗುವುದು ನನಗೇಕಾಗದು ಎಂದುಕೊಂಡೆ.

ಮೊದಲು ತಂದದ್ದು ಅಂಟುಕಾಗದ. ವಾಸ್ಕೋ ಮಾರ್ಕೆಟ್ಟಿನಲ್ಲಿ ಸುರುಳಿ ಸುತ್ತಿ ಮಾರುತ್ತಾರೆ, ಮೇಲೆ ಅಮೃತಶಿಲೆಯ ಚಿತ್ರ. ಹಿಂದಿನ ಹಾಳೆ ಬಿಚ್ಚಿ ಗೋಡೆಗೆ ಒತ್ತಿದರಾಯಿತು. ಒತ್ತಿದೆ. ಬಂದರಿನ ಕಡೆಯ ಗಾಳಿಗೆ ಸಡಾದ ಗೋಡೆಗಳ ಮೇಲೆಲ್ಲ ಕಪ್ಪು ಪುಡಿ ಕೂಡುತ್ತದೆ. ಅದನ್ನು ಒರೆಸಿಕೊಳ್ಳಬೇಕೆಂದು ಬಿಳಿ ಅಂಗಿಯ ಹುಡುಗಿ ಹೇಳಿರಲಿಲ್ಲ. ಮೂರನೇ ದಿನ ಅನ್ನದ ಆವಿಗೆ ಅಮೃತಶಿಲೆ ಮೂಲೆಯಿಂದ ಬಾಗಿ ನಮಸ್ಕಾರ ಮಾಡತೊಡಗಿತು.

ಆಮೇಲೆ ಹಲಗೆ. ಡಬ್ಬಿಗಳನ್ನೆಲ್ಲ ಮೇಲಿಟ್ಟರೆ ಜಾಗ ಬೆಳಗುತ್ತದೆ ಎಂದು ನನ್ನ ಲೆಕ್ಕ. ಪಕ್ಕದ ಮನೆಯ ಮೌಲಾಸಾಬ್ ಕಾಕಾ ಬಾಗೇವಾಡಿ ಕಡೆಯವರು. ನಳ, ವೈರು, ಬಾಗಿಲು, ಏನು ಕೆಟ್ಟರೂ ರಿಪೇರಿ ಮಾಡುವವರು. ಅವರ ಡ್ರಿಲ್ ಮಷೀನು ಕೇಳಿದೆ. "ಒಯ್ಯಿ ತಂಗಿ. ಆದ್ರ ಮಷೀನಿಗೆ ಏನೂ ಆಗಬಾರದು ನೋಡು. ನಿನಗ ಏನಾರ ಆದ್ರ ದವಾಖಾನಿ ಐತಿ, ಮಷೀನಿಗೆ ಇಲ್ಲ" ಎಂದು ಕೊಟ್ಟರು. ಇಲ್ಲಿಯ ಗೋಡೆ ಕೆಂಪು ಚಿರೆಕಲ್ಲಿನದು. ಮಷೀನು ಇಟ್ಟರೆ ಬೆಲ್ಲದ ಪುಡಿಯಂತೆ ಉದುರುತ್ತದೆ. ತೂತಿಗೆ ಪ್ಲಾಸ್ಟಿಕ್ ಗಿಟ್ಟಿ ಹಾಕಿ ಅದರೊಳಗೆ ಸ್ಕ್ರೂ ಬಿಗಿಯಬೇಕಂತೆ. ನಾನು ಸೀದಾ ಸ್ಕ್ರೂ ತಿರುಗಿಸಿದ್ದೆ. ಎರಡನೇ ದಿನ ಖಾರಪುಡಿ, ಅರಿಶಿನ, ಹುಣಸೆಹಣ್ಣು ಎಲ್ಲವೂ ಒಟ್ಟಿಗೆ ಕೆಳಗೆ ಬಂದವು. ಅತ್ತೆ ಆಗಷ್ಟೇ ಅಲ್ಲಿಂದ ಎದ್ದಿದ್ದರು.

ಒಲೆಯ ಹಿಂದೆ ಹತ್ತು ಟೈಲ್ಸ್ ಕೂಡಿಸಿದೆ. ಬಣ್ಣ ಹಚ್ಚಿದೆ. ಬಣ್ಣದ ಡಬ್ಬಿ ಅಂಗಡಿಯಲ್ಲಿ ಯಾರೋ ಬೆರೆಸಿಕೊಂಡು ಬೇಡವೆಂದು ಬಿಟ್ಟುಹೋದದ್ದು. ಮುಚ್ಚಳದ ಮೇಲಿನ ಬೊಟ್ಟು ತಿಳಿಯಾಗಿ ಕಂಡಿತ್ತು. ಗೋಡೆಗೆ ಬಂದು ಒಣಗಿದ ಮೇಲೆ ನೋಡಿದರೆ ಅಪ್ಪಟ ಗಿಳಿಹಸಿರು.

ಅತ್ತೆ ಒಳಗೆ ಬಂದು ನಿಂತರು. ಮೂಗರಳಿಸಿ ಉಸಿರೆಳೆದು, "ಹಾಲು ಚೆಲ್ಲಿದಂಗ ಬೆಳ್ಳಗ ಆತು ನೋಡು. ಚಲೋ ಆತು" ಎಂದರು.

ನನಗೆ ಉರಿದುಹೋಯಿತು. ಅತ್ತೆಯಂದಿರ ಚುಚ್ಚುಮಾತು ಕೇಳಿ ಗೊತ್ತಿತ್ತು, ಆದರೆ ನಮ್ಮ ಅತ್ತೆ ಅಂಥವರಲ್ಲ ಎಂದುಕೊಂಡಿದ್ದೆ. ಎರಡು ದಿನ ನಾನು ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಕೇಳಿದ್ದಕ್ಕಷ್ಟೇ ಹಾಂ, ಹೂಂ. ಅವರಿಗೆ ಯಾಕೆಂದು ತಿಳಿಯಲಿಲ್ಲ, ಪಾಪ. ಮೂರನೇ ದಿನ ಅವರೇ ನನ್ನ ತಲೆಗೆ ಎಣ್ಣೆ ಹಚ್ಚಲು ಕರೆದರು.

ಹೊಸ ಎಲ್ಇಡಿ ಟ್ಯೂಬ್ ಹಾಕಿದೆ. "ಅದನ್ನ ತಗಿ ಯವ್ವಾ, ಕಣ್ಣಾಗ ಸೂಜಿ ಚುಚ್ಚಿದಂಗ ಆಕ್ಕೈತಿ" ಎಂದರು. ತೆಗೆದರೆ ಕತ್ತಲೆ ಎನ್ನುತ್ತಿದ್ದರು, ಹಾಕಿದರೆ ಚುಚ್ಚುತ್ತದೆ ಎನ್ನುತ್ತಿದ್ದರು. ಯುಗಾದಿಗೆ ಮಗ ಮನೆಗೆ ಬಂದಾಗ ಅವರು ಕೇಳಿದ್ದು ಸೀರೆಯಲ್ಲ, ಭಾಗ್ಯಾಳಿಗೆ ಗೆಜ್ಜೆ. ಮೊದಲು ತಂದ ಗೆಜ್ಜೆಯ ಸಪ್ಪಳ ಸಾಲದೆಂದು ವಾಪಸು ಕಳಿಸಿ, ದೊಡ್ಡ ಗುಂಡಿನವು ತರಿಸಿದರು. "ಕೂಸು ಓಡಾಡಿದ್ರ ಮನಿ ತುಂಬ ಕೇಳಬೇಕು" ಎಂದರು. ಮೊಮ್ಮಗಳ ಮೇಲೆ ಎಂಥ ಮೋಹ ಎಂದು ನಾವು ಗಂಡಹೆಂಡತಿ ನಕ್ಕೆವು.

ಏಪ್ರಿಲ್ ಮುಗಿಯುತ್ತ ಬಂತು. ನನ್ನ ಹತ್ತಿರ ಹೊಸ ಉಪಾಯಗಳು ಉಳಿದಿರಲಿಲ್ಲ. ಒಂದು ಸಂಜೆ ಅತ್ತೆ ರೊಟ್ಟಿ ಬಡಿಯುವ ಹಲಗೆಯ ಮುಂದೆ ಸುಮ್ಮನೆ ಕುಳಿತಿದ್ದವರು, "ನೀ ಬೆಳಕ ಮಗ್ಗಲಿಂದ ತರಾಕತ್ತೀದಿ. ಬೆಳಕ ಮ್ಯಾಲಿಂದ ಬರಬೇಕು. ನಮ್ಮ ಊರ ಮನ್ಯಾಗ ಬೆಳಕಿಂಡಿ ಐತಲ್ಲ, ಹಂಗ" ಎಂದರು.

ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಬೆಳಕಿಂಡಿ ಗೊತ್ತು. ಚಪ್ಪಟೆ ಮಾಳಿಗೆಯಲ್ಲಿ ಒಂದು ತೂತು, ಸುತ್ತ ಗೇಣುದ್ದದ ಕಟ್ಟೆ. ಅದರಿಂದ ಬಿಸಿಲಿನ ಕೋಲು ನೇರವಾಗಿ ಒಲೆಯ ಮುಂದೆ ಇಳಿಯುತ್ತದೆ. ಅಪರೂಪಕ್ಕೆ ಮಳೆ ಬಂದರೆ ಯಾರಾದರೂ ಓಡಿಹೋಗಿ ಅದರ ಮೇಲೊಂದು ಕಲ್ಲು ಮುಚ್ಚಿ ಬರುತ್ತಾರೆ. ಅಂಥದ್ದೊಂದನ್ನು ನಾಲ್ಕು ತಿಂಗಳು ಮಳೆ ಹೊಡೆಯುವ ಗೋವಾದಲ್ಲಿ, ಇಳಿಜಾರು ಶೀಟಿನಲ್ಲಿ ಮಾಡಬೇಕೆಂದು ಇಲ್ಲಿ ಹುಟ್ಟಿ ಬೆಳೆದವರ ಕನಸಿನಲ್ಲೂ ಬಂದಿರಲಿಕ್ಕಿಲ್ಲ. ನಮಗೆ ಬಂತು. ಬೇಡ ಎನ್ನಬಹುದಾಗಿದ್ದ ಮೌಲಾಸಾಬ್ ಕಾಕಾ ಮಗಳ ಮದುವೆಗೆಂದು ಊರಿಗೆ ಹೋಗಿದ್ದರು. ಅವರ ಕಟ್ಟರ್ ಮಷೀನು ಮಾತ್ರ ನಮ್ಮ ಮನೆಯಲ್ಲಿತ್ತು.

ಮೇ ತಿಂಗಳ ಮೊದಲ ಭಾನುವಾರ. ಭಾಗ್ಯಾಳನ್ನು ಎದುರು ಮನೆಯಲ್ಲಿ ಬಿಟ್ಟು ನಾನು ಸೂರು ಹತ್ತಿದೆ. ತಲೆಗೆ ಕಂಪನಿಯ ನೀಲಿ ಜಾಲರಿ ಟೊಪ್ಪಿಗೆ, ಮೂಗಿಗೆ ಕಂಪನಿಯ ಮಾಸ್ಕು, ಕೈಗೆ ಕಂಪನಿಯ ಗ್ಲೌಸು. ಶೀಟಿನ ಮೇಲೆ ಅಡ್ಡ ಹಲಗೆ ಹಾಕಿ ಕುಳಿತೆ. ಅತ್ತೆ ಕೆಳಗಿನಿಂದ ಕೋಲಿನಿಂದ ಬಡಿದು, "ಇಲ್ಲೇ, ಹಲಗಿ ಮ್ಯಾಲ ಬರಬೇಕು, ಒಲಿ ಮ್ಯಾಲ ಬ್ಯಾಡ" ಎಂದು ಜಾಗ ತೋರಿಸುತ್ತಿದ್ದರು. ಅಲ್ಲಿ ಸೀಮೆಸುಣ್ಣದಿಂದ ಚೌಕ ಬರೆದು, ಅವರನ್ನು ಮುಂದಿನ ಕೋಣೆಗೆ ಕಳಿಸಿ ಮಷೀನು ಚಾಲೂ ಮಾಡಿದೆ. ಕಿವಿ ಹರಿಯುವ ಸದ್ದು, ಕಣ್ಣು ಕಾಣದಷ್ಟು ಧೂಳು. ಕೊನೆಗೆ ಚೌಕದ ತುಂಡು ಒಳಗೆ ಬಿದ್ದು ಒಡೆಯಿತು.

ಹನ್ನೆರಡು ದಾಟಿತ್ತು. ಆ ದಿನಗಳಲ್ಲಿ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಧೂಳು ಇಳಿದ ಮೇಲೆ ನೋಡಿದೆ. ಬಿಸಿಲು ನೆಟ್ಟಗೆ ಹಲಗೆಯ ಮೇಲೆ ಬಿದ್ದಿತ್ತು, ನಾನು ಬರೆದ ಚೌಕದಷ್ಟೇ ಅಗಲಕ್ಕೆ. ನನಗೆ ಬಂದ ಖುಷಿ ಹೇಳಲಾರೆ. ಮೂರು ತಿಂಗಳಲ್ಲಿ ಮೊದಲ ಸಲ ಒಂದು ಕೆಲಸ ಅಂದುಕೊಂಡ ಹಾಗೆ ಆಗಿತ್ತು.

"ಅತ್ತಿ, ಬರ್ರಿ, ನೋಡ್ರಿ ಈಗ!"

ಅತ್ತೆ ಬಂದು ಹಲಗೆಯ ಹತ್ತಿರ ನಿಂತು ಮುಖ ಮೇಲೆತ್ತಿದರು. ನಾನು ಮೇಲಿನಿಂದ ಬಗ್ಗಿ ನೋಡಿದೆ. ಅವರ ಮುಖದ ತುಂಬ ಬಿಸಿಲು. ಹಣೆಯ ಹಚ್ಚೆ, ಮೂಗುಬೊಟ್ಟಿನ ಹರಳು, ಒಂದೊಂದು ಸುಕ್ಕೂ ಎಣಿಸುವ ಹಾಗೆ ಕಾಣುತ್ತಿತ್ತು. ಕಣ್ಣುಗಳೂ ಕಂಡವು. ಎರಡೂ ಕಣ್ಣಿನ ಕಪ್ಪಿನ ನಡುವೆ ಬೂದಿ ಬಣ್ಣ ಕೂತಿತ್ತು.

"ಆತೇನ ಕೊರದು?" ಎಂದು ಕೇಳಿದರು. ನಾನು ಒಂದು ಮೊಳ ದೂರದಲ್ಲಿದ್ದೆ. ಅವರು ನನ್ನನ್ನೇ ನೋಡುತ್ತಿದ್ದರು, ಆದರೆ ನೋಡುತ್ತಿರಲಿಲ್ಲ. "ಎಲ್ಲಿದ್ದೀ? ಮಾತಾಡು. ಯಾಕ, ಮೋಡ ಆಗೇತೇನು?"

ಕೆಳಗಿಳಿದು ಬಂದು ಮಾಸ್ಕು ತೆಗೆದೆ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಅತ್ತೆ ಮೊದಲು ಏನೇನೋ ಹೇಳಿದರು. ಹೊಗೆ, ವಯಸ್ಸು, ಕತ್ತಲೆ. ಅಡುಗೆಮನೆಯಲ್ಲಿ ಈಗ ಕತ್ತಲೆ ಇರಲಿಲ್ಲ. ಅದು ಅವರಿಗೂ ಗೊತ್ತಾಗಿರಬೇಕು. ಹಲಗೆಯ ಮೇಲೆ ಕೈಯಿಟ್ಟು, ಅಲ್ಲಿ ಬಿದ್ದ ಬಿಸಿಲಿನ ಕಾವನ್ನು ಮುಟ್ಟಿ ನೋಡುತ್ತ ಕುಳಿತರು.

"ಸಂಕ್ರಾಂತಿ ಆದ ಮ್ಯಾಲ ಭಾಗ್ಯಾನ ಕೈ ಸುಟ್ಟಿತ್ತಲ್ಲ" ಎಂದರು.

"ಚಹಾ ಕಪ್ಪು ಬಡದಿತ್ತು ಅಂದಿದ್ರಿ."

"ಚಹಾ ಅಲ್ಲ. ಒಲಿ. ನನ್ನ ಮಗ್ಗಲಾಗ ಕುಂತೈತಿ ಅಂತ ತಿಳಕೊಂಡಿದ್ದೆ. ಅದು ಒಲಿಗೆ ಕೈ ಹಾಕೂದು ನನಗ ಕಾಣಲಿಲ್ಲ ಲೀಲಾ. ಚೀರಿದ ಮ್ಯಾಲ ಗೊತ್ತಾತು."

ಗೆಜ್ಜೆ ಯಾಕೆ, ಅದೂ ದೊಡ್ಡ ಗುಂಡಿನವು ಯಾಕೆ ಎಂಬುದು ಆಗ ಹೊಳೆಯಿತು. ಕೂಸು ಎಲ್ಲಿದೆ ಎಂದು ಅವರು ಅದರ ಸಪ್ಪಳದ ಮೇಲೆ ಲೆಕ್ಕ ಇಡುತ್ತಿದ್ದರು.

"ನನಗ ಯಾಕ ಹೇಳಲಿಲ್ಲ?" ನನ್ನ ದನಿ ಏರಿತ್ತು. ಮಗುವಿನ ಕೈ ನೆನಪಾಗಿ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

"ಹೇಳಿದ್ರ ನೀ ಮರದಿನಾನ ಡ್ಯೂಟಿ ಬಿಡ್ತಿದ್ದಿ. ಮುದುಕಿ ಕಣ್ಣ ಹೋದ್ವು, ನನ್ನ ಕೆಲಸಾನೂ ತಗೊಂಡು ಹೋದ್ಳು ಅಂತ ಆಗಬಾರದಿತ್ತು. ಊರಿಗೆ ಹೋಗ್ತೇನಿ ಅಂದ್ರ ಎರಡು ದಿನ ಬೈಕೊಂತೀದಿ, ಆಮ್ಯಾಲ ಕೂಸಿಗೆ ಯಾರನ್ನಾರ ನೋಡಿಕೊಂತೀದಿ. ಅಷ್ಟ."

ನಾನು ಕಟ್ಟರ್ ಮಷೀನಿನ ವೈರು ಸುತ್ತುತ್ತ ನಿಂತೆ. ಆ ಕ್ಷಣ ನನ್ನ ತಲೆಗೆ ಮೊದಲು ಬಂದದ್ದು ಅವರ ಕಣ್ಣಲ್ಲ, ಆಪರೇಷನ್ ಎಂದರೆ ಎಷ್ಟು ದಿನ ರಜೆ ಬೇಕಾದೀತು ಎಂಬುದು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಸರಕಾರಿ ಆಸ್ಪತ್ರೆಯಲ್ಲಿ ಪೊರೆ ಎಂದರು, ಬಲಗಣ್ಣಿಗೆ ಜುಲೈನಲ್ಲಿ ತಾರೀಖು ಕೊಟ್ಟರು. ಊರಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ಅಲ್ಲಿಯವರೆಗೆ ಅತ್ತೆ ಒಂಟಿಯಾಗಿ ಒಲೆ ಹಚ್ಚುವಂತಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಯಿತು. ನಾನಿರುವಾಗಲೇ ಬೆಳಗಿನ ರೊಟ್ಟಿ ಮುಗಿಯಬೇಕು. ಅಡುಗೆಮನೆಯ ಬಾಗಿಲಿಗೆ ಸೊಂಟದೆತ್ತರದ ಅಡ್ಡಬಾಗಿಲೊಂದನ್ನು ಮಾಡಿ ಕೂಡಿಸಿದೆ, ಈ ಸಲ ಗಿಟ್ಟಿ ಹಾಕಿ. ಆ ವರ್ಷ ನಾನು ಮಾಡಿದ ಕೆಲಸಗಳಲ್ಲಿ ಸರಿಯಾಗಿ ನಿಂತದ್ದು ಅದೊಂದೇ.

ತೂತನ್ನು ಹಾಗೆಯೇ ಬಿಡುವಂತಿರಲಿಲ್ಲ, ಮಿರಗ ಬಾಗಿಲಲ್ಲಿತ್ತು. ಗುಟ್ಟು ಹೊರಬಿದ್ದ ಮೇಲೆ ಅತ್ತೆಗೆ ಹುರುಪು ಬಂದಿತ್ತು. ಕಾಣದಿದ್ದರೂ ಊರ ಮಾಳಿಗೆ ಅವರಿಗೆ ಅಂಗೈಯಷ್ಟು ಗೊತ್ತು. "ಸುತ್ತಲೂ ಗೇಣುದ್ದ ಕಟ್ಟಿ ಕಟ್ಟು. ನೀರು ಕಟ್ಟಿಗೆ ಬಡದು ಹೊಳ್ಳಿ ಹೋಗಬೇಕು" ಎಂದು ಕೆಳಗಿನಿಂದ ಹೇಳಿದರು. ನಾನು ಇಟ್ಟಿಗೆಯ ಚೂರು, ಸಿಮೆಂಟು ಸೇರಿಸಿ ಶೀಟಿನ ಮೇಲೆ ನಾಲ್ಕೂ ಕಡೆ ಕಟ್ಟೆ ಕಟ್ಟಿದೆ. ಒಡೆದ ಷೋಕೇಸಿನ ಗಾಜು ಮೇಲಿಟ್ಟು ಅಂಟು ಹಾಕಿದೆ. ಮುಚ್ಚುಕಲ್ಲಿನ ಕೆಲಸ ಗಾಜು ಮಾಡುತ್ತದೆ, ಯಾರೂ ಓಡಬೇಕಾಗಿಲ್ಲ ಎಂದು ಇಬ್ಬರೂ ಬೀಗಿದೆವು.

ಮಿರಗ ಕೂಡಿದ ದಿನ ಮಳೆ ಮಧ್ಯಾಹ್ನಕ್ಕೆ ಹಿಡಿಯಿತು, ಮೂರು ದಿನ ಬಿಡಲಿಲ್ಲ. ಗಾಜು ಒಂದು ಹನಿಯನ್ನೂ ಬಿಡಲಿಲ್ಲ. ನೀರು ಬಂದದ್ದು ಕಟ್ಟೆಯ ಬುಡದಿಂದ. ಮೇಲಿನಿಂದ ಇಳಿದು ಬರುವ ನೀರಿಗೆಲ್ಲ ನಾನು ಅಡ್ಡ ಕಟ್ಟಿದ್ದೆ. ಅದು ಹೊಳ್ಳಿ ಹೋಗುವುದಾದರೂ ಎಲ್ಲಿಗೆ? ನಿಂತು, ತುಂಬಿ, ಸಿಮೆಂಟು ಶೀಟಿನಿಂದ ಬಿಟ್ಟ ಬಿರುಕಿನಲ್ಲಿ ಒಳಗಿಳಿಯಿತು. ಸರಿಯಾಗಿ ಅತ್ತೆ ಕೋಲು ಬಡಿದು ತೋರಿಸಿದ ಜಾಗದಲ್ಲಿ, ರೊಟ್ಟಿಯ ಹಲಗೆಯ ಮೇಲೆ.

ಮೌಲಾಸಾಬ್ ಕಾಕಾ ಊರಿನಿಂದ ಬಂದವರೇ ಏಣಿ ಹಾಕಿ ಹತ್ತಿ ನೋಡಿದರು. ಕೊಡೆ ಹಿಡಿದು ಬಹಳ ಹೊತ್ತು ಮೇಲೆಯೇ ನಿಂತಿದ್ದರು.

"ಇದನ್ನ ಕಟ್ಟು ಅಂತ ಯಾರ ಹೇಳಿದ್ರು ತಂಗಿ?"

"ನಾನ ಹೇಳೇನಪ್ಪಾ" ಎಂದು ಅತ್ತೆ ಒಳಗಿನಿಂದ ಕೂಗಿದರು. "ನಮ್ಮ ಊರಾಗ ಹಿಂಗ ಇರತೈತಿ."

"ನಮ್ಮ ಊರಾಗೂ ಹಿಂಗ ಇರತೈತಿ ಬೇ. ಆದ್ರ ಅದು ಮಾಳಿಗಿ. ಇದು ಇಳಿಜಾರು. ಇಳಿಜಾರಿಗೆ ಅಡ್ಡ ಕಟ್ಟಿದ್ರ ಅದು ಬೆಳಕಿಂಡಿ ಅಲ್ಲ, ಕೆರಿ!"

ಮೂವರೂ ನಕ್ಕೆವು. ಕಾಕಾ ಡಾಂಬರು ಬಳಿದು, ಪ್ಲಾಸ್ಟಿಕ್ ಹೊದಿಸಿ ಸೋರುವುದನ್ನು ಅರ್ಧಕ್ಕೆ ಇಳಿಸಿದರು. ಕಟ್ಟೆ ಒಡೆಯೋಣವೆಂದರೆ ಶೀಟು ಸೀಳುತ್ತದೆ ಎಂದರು. ಮಳೆಗಾಲ ಮುಗಿದ ಮೇಲೆ ನೋಡೋಣ ಎಂದದ್ದು ಹಾಗೆಯೇ ಉಳಿಯಿತು.

ಜುಲೈಯಲ್ಲಿ ನಾನು ಮೂರು ವಾರ ರಜೆ ಹಾಕಿದೆ. ಸೂಪರ್‌ವೈಸರ್ ನನ್ನ ಮುಖ ನೋಡಿ ಸಹಿ ಹಾಕಿದರು. ವರ್ಷದ ಕೊನೆಗೆ ಕಾಯಂ ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಬೇಜಾರಾಗಲಿಲ್ಲ ಎಂದರೆ ಸುಳ್ಳು. ಬಾತ್‌ರೂಮಿನಲ್ಲಿ ನಿಂತು ಅತ್ತು ಮುಖ ತೊಳೆದುಕೊಂಡು ಬಂದೆ. ಮುಂದೆ ಮೂರು ವರ್ಷಕ್ಕೆ ಹೆಸರು ಬಂತು, ಆಗಲೇ ನಾವು ಕೊರ್ಲಿಮ್‌ಗೆ ಬಂದದ್ದು. ಅತ್ತೆಯೂ ನಮ್ಮೊಂದಿಗೆ ಬಂದರು. ಈಗ ಅವರಿಗೆ ಮೊಣಕಾಲು ನೋವು, ಆದರೆ ಎದುರು ಬಾಲ್ಕನಿಯಲ್ಲಿ ಯಾರು ಏನು ಒಣಗಲು ಹಾಕಿದ್ದಾರೆ ಎಂಬುದು ಇಲ್ಲಿಂದಲೇ ಕಾಣುತ್ತದೆ.

ಈ ಭಾನುವಾರ ನಾನು ಹೊರಡುವಾಗ ಎಲ್ಲಿಗೆ ಎಂದು ಕೇಳಿದರು. ಹೇಳಿದೆ. "ಒಡದು ಒಗಿ ಆ ಕಟ್ಟಿನ. ಪಾಪ, ಅವರೂ ಸಂಸಾರಸ್ಥರು" ಎಂದರು. ಬಾಗಿಲ ತನಕ ಬಂದು, "ಬೆಳಕ ಮುಚ್ಚಬ್ಯಾಡ ಅಂತ ಹೇಳು" ಎಂದರು. ಬಾಡಿಗೆಯ ಹೆಂಗಸಿಗೆ ಹಾಗೆಯೇ ಹೇಳಿ ಬಂದಿದ್ದೇನೆ. ಮಳೆ ಬಿಟ್ಟ ಮೇಲೆ ಆ ಶೀಟನ್ನೇ ತೆಗೆಸಿ, ಅಲ್ಲಿ ಬೆಳಕು ಬಿಡುವ ಶೀಟು ಹಾಕಿಸುವುದು. ಗೌಂಡಿಯ ಕೈಯಿಂದ.

ಚಹಾ ಕುಡಿಯುತ್ತ ಅಲ್ಲಿ ಕುಳಿತಾಗ ಗೋಡೆ ನೋಡಿದೆ. ಮೇಲೆ ಯಾರೋ ಸುಣ್ಣ ಬಳಿದಿದ್ದಾರೆ, ಆದರೂ ಮೂಲೆಯಲ್ಲಿ ಗಿಳಿಹಸಿರು ಇಣುಕುತ್ತದೆ.

ಆ ಬಣ್ಣವನ್ನು ಅತ್ತೆ ಮೊದಲು ನೋಡಿದ್ದು ಶ್ರಾವಣದಲ್ಲಿ. ಆಪರೇಷನ್ ಆಗಿ ಐದು ವಾರ ಅವರನ್ನು ಹೊಗೆಯ ಹತ್ತಿರ ಬಿಟ್ಟಿರಲಿಲ್ಲ, ಮಳೆಗೆ ಕಿಟಕಿ ಮುಚ್ಚಿದ ಮುಂದಿನ ಕೋಣೆಯ ಮಬ್ಬಿನಲ್ಲೂ ಕರಿಕನ್ನಡಕ ತೆಗೆಯಗೊಡುತ್ತಿರಲಿಲ್ಲ. ಆಗಸ್ಟಿನ ಒಂದು ಭಾನುವಾರ ಮಳೆ ಬಿಟ್ಟು ಹೊಳವಾಗಿತ್ತು. ಸೂರ್ಯ ಮತ್ತೆ ನೆತ್ತಿಗೆ ಬಂದಿದ್ದ. ಅತ್ತೆ ಕರಿಕನ್ನಡಕ ಹಾಕಿಕೊಂಡು ಅಡ್ಡಬಾಗಿಲು ತೆಗೆದು ಒಳಗೆ ಬಂದರು. ಕನ್ನಡಕ ತೆಗೆದರು. ನಾಲ್ಕೂ ಗೋಡೆ ನೋಡಿದರು.

"ಇದೇನಿದು?"

"ಬಣ್ಣಾರಿ."

"ಬಣ್ಣ ಅಂತ ನನಗೂ ಗೊತ್ತಾತು. ಇದ್ರಾಗ ಗಿಳಿ ಸಾಕಿದ್ರ ಹುಡುಕಾಕ ಸಿಗಂಗಿಲ್ಲ. ಯಾರ ಹಚ್ಚತಾರ ಅಡಗಿಮನಿಗೆ ಇಂಥಾದ್ದು?"

"ನೀವ ಅಂದಿದ್ರಿ, ಹಾಲು ಚೆಲ್ಲಿದಂಗ ಆಗೇತಿ ಅಂತ."

"ನನಗೇನ ಕಾಣತಿತ್ತು? ಹೊಸಾ ಬಣ್ಣದ ವಾಸನಿ ಬಂತು, ಬಿಳಿ ಇರಬೇಕಂತ ಚಲೋ ಅಂದೆ." ಟೈಲ್ಸ್ ಹತ್ತಿರ ಹೋಗಿ ಬೆರಳಾಡಿಸಿದರು. "ಇವು ಯಾಕ ಹಿಂಗ ಸೊಟ್ಟ ನಿಂತಾವ? ಈ ಕಾಗದ ಯಾಕ ಜೋತು ಬಿದ್ದೈತಿ? ಆ ಗ್ವಾಡಿಗೆ ಇಷ್ಟ ತೂತು ಯಾರ ಹೊಡದ್ರು? ಏನ ಕೊಳಕ ಕೆಲಸ ಮಾಡೀಯವ್ವಾ!"

ಮೂರು ತಿಂಗಳು ಚಲೋ ಚಲೋ ಎಂದದ್ದೆಲ್ಲ ಒಂದೇ ಉಸಿರಿನಲ್ಲಿ ವಾಪಸಾಯಿತು. ನನಗೆ ಸಿಟ್ಟು ಬರಬೇಕಿತ್ತು. ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ಬೈಗುಳ ಅಷ್ಟು ಹಿತವಾಗಿ ಕೇಳಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅತ್ತೆ ತಿರುಗಿ ನನ್ನನ್ನು ನೋಡಿದರು. ಬೈಯುವುದು ನಿಂತಿತು.

"ಇಲ್ಲಿ ಬಾ. ಬೆಳಕಿಗೆ ಕುಂದ್ರು."

ಬೆಳಕಿಂಡಿಯ ಕೆಳಗೆ, ರೊಟ್ಟಿಯ ಹಲಗೆಯ ಪಕ್ಕ ಕುಳಿತೆ. ಅವರು ಎದುರಿಗೆ ಕುಳಿತು ನನ್ನ ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು, ಬೆಂದಿದೆಯೋ ಇಲ್ಲವೋ ಎಂದು ರೊಟ್ಟಿ ಮಗುಚಿ ನೋಡುವ ಹಾಗೆ.

"ಈ ಬಿಳಿಕೂದಲ ಯಾವಾಗ ಬಂದ್ವು?"

"ಯಾವಾಗೋ ಬಂದಾವ್ರಿ."

"ಗಲ್ಲ ಒಳಗ ಹೋಗ್ಯಾವ. ಕಣ್ಣ ಕೆಳಗ ಕಪ್ಪ ಆಗೇತಿ." ಅವರ ಹೆಬ್ಬೆರಳು ನನ್ನ ಹುಬ್ಬಿನ ಮೇಲೆ ಓಡಾಡಿತು. "ಎರಡು ವರ್ಷ ಆತು ನೋಡು, ನಾ ನಿನ್ನ ಮಾರಿ ನೋಡಿಲ್ಲ. ದನಿ ಮ್ಯಾಲ ನೀ ಅಂತ ತಿಳಕೊಂತಿದ್ದೆ."

ಗೋಡೆಗೆ ಬೈದಾಗ ಬರದ ಅಳು ಆಗ ಬಂತು. ಮುಖ ತಗ್ಗಿಸಲು ನೋಡಿದೆ. ಅತ್ತೆ ಗದ್ದ ಬಿಡಲಿಲ್ಲ.

"ಸುಮ್ಕ ಕುಂದ್ರು" ಎಂದರು. "ನಾ ಇನ್ನೂ ನೋಡಾಕತ್ತೇನಿ."